‘ಸೆಟ್’ ಎಂಬ ಚಿಕ್ಕ ಶಬ್ದ

ಒಂದು ಶಬ್ದಕ್ಕೆ ಒಂದೇ ಅರ್ಥವೆಂದು ನಂಬಿ ಇಂಗ್ಲಿಷನ್ನು ಕಲಿಯುವ ಹುಡುಗಿಯು ಬೇಗನೆ ಧೈರ್ಯಗೆಡುವಳು. ‘ಸೆಟ್’ ಎಂದರೆ ‘ಇಡು’ ಎಂದು ನಾವು ಕಲಿಸಿದ್ದೆವು. ಒಬ್ಬ ಬಾಲೆಯು ಸೂರ್ಯಾಸ್ತದ ವಾಕ್ಯವನ್ನು ‘ಸೂರ್ಯನು ಇಟ್ಟನು’ ಎಂದು ಅನುವಾದಿಸಿದಳು. ತರಗತಿಯೆಲ್ಲ ನಕ್ಕಿತು, ಆ ವಾರವೆಲ್ಲ ಅವಳು ಬಾಯಿ ತೆರೆಯಲಿಲ್ಲ. ತಪ್ಪು ಅವಳದಲ್ಲ, ನಮ್ಮದು.

ಊಟದ ಮೇಜನ್ನು ಅಣಿಮಾಡುವುದೂ, ಮುರಿದ ಮೂಳೆಯನ್ನು ಕೂಡಿಸುವುದೂ, ಉಂಗುರದಲ್ಲಿ ಹರಳನ್ನು ಕೂರಿಸುವುದೂ, ಗಡಿಯಾರದ ಮುಳ್ಳನ್ನು ಸರಿಯಾದ ವೇಳೆಗೆ ತಿರುಗಿಸುವುದೂ, ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವುದೂ ‘ಸೆಟ್’ ಎಂಬುದೇ. 1989ರಲ್ಲಿ ಹೊರಟ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯು ಈ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳನ್ನು ಕೊಟ್ಟಿದೆ. ಆದರೂ ಅದರ ಬೇರು ಒಂದೇ: ‘ಕುಳ್ಳಿರಿಸು’ ಎಂಬುದು. ಬಟ್ಟಲುಗಳ ‘ಸೆಟ್’ ಮಾತ್ರ ಬೇರೆ ಮನೆಯ ಮಗಳು. ಅದು ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮಾರ್ಗವಾಗಿ ಬಂದು ಇದೇ ರೂಪವನ್ನು ತಾಳಿತು.

ನಮ್ಮ ನುಡಿಯಲ್ಲಿಯೂ ಹೀಗೆಯೇ ಅಲ್ಲವೆ? ಕೊಡೆ ಹಿಡಿಯುವೆವು, ಮೀನು ಹಿಡಿಯುವೆವು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಆಷಾಢದಲ್ಲಿ ಮಳೆ ಹಿಡಿದುಕೊಳ್ಳುವುದು. ಯಾವ ಮಗುವೂ ಇವನ್ನು ನಿಘಂಟಿನಿಂದ ಕಲಿಯಲಿಲ್ಲ. ಮನೆಮಾತಿನಲ್ಲಿ ಕೇಳಿ ಕಲಿತಿತು.

ಆದುದರಿಂದ ಈಗ ನಾವು ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸದೆ, ವಾಕ್ಯದೊಡನೆಯೇ ಶಬ್ದವನ್ನು ಕಲಿಸುತ್ತೇವೆ. ತಂದೆತಾಯಂದಿರೂ ಮಗಳನ್ನು ‘ಈ ಶಬ್ದಕ್ಕೆ ಅರ್ಥವೇನು?’ ಎನ್ನುವ ಮೊದಲು ‘ಅದು ಯಾವ ವಾಕ್ಯದಲ್ಲಿ ಬಂದಿದೆ?’ ಎಂದು ಕೇಳಬೇಕೆಂದು ಕೋರುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವವರು, ಮಗುವು ತಪ್ಪಿದಾಗ ತರಗತಿಯು ನಗದಂತೆ ನೋಡಿಕೊಳ್ಳಲಿ. ತಪ್ಪನ್ನು ಒಂದು ನಿಮಿಷದಲ್ಲಿ ತಿದ್ದಬಹುದು. ಮುಚ್ಚಿದ ಬಾಯನ್ನು ತೆರೆಯಿಸುವುದು ಅಷ್ಟು ಸುಲಭವಲ್ಲ.