ಅಂಗಳದ ಮಟ್ಟಕ್ಕೆ ಯಾವ ಸಾಧನ?



ಮಟ್ಟ ನೋಡುವ ವಿದ್ಯೆ ನಿಮಗೆ ಹೊಸದಲ್ಲ. ನಾಟಿಗೆ ಮೊದಲು ಗದ್ದೆಗೆ ನೀರು ಕಟ್ಟಿ ಹಲಗೆ ಎಳೆಯುತ್ತೀರಿ. ನೀರಿನಿಂದ ಮೇಲೆ ತಲೆ ಎತ್ತಿದ ಮಣ್ಣು ದಿಬ್ಬ, ನೀರು ಆಳವಾಗಿ ನಿಂತದ್ದು ತಗ್ಗು. ಇದಕ್ಕಿಂತ ಸರಿಯಾದ ಮಟ್ಟ ಯಾವ ಪೇಟೆಯಲ್ಲಿಯೂ ಸಿಗದು. ಆದರೆ ಇದೇ ರೈತನು ಮನೆಯ ಅಂಗಳ ಮಾಡುವಾಗ ಕಣ್ಣಳತೆಯನ್ನು ನಂಬಿಬಿಡುತ್ತಾನೆ. ಗದ್ದೆ ತಪ್ಪಿದರೆ ಒಂದು ಬೆಳೆ ಹೋದೀತು. ಅಂಗಳ ತಪ್ಪಿದರೆ ಪ್ರತಿ ಮಳೆಗಾಲವೂ ನೀರು ಮನೆಯ ಗೋಡೆಗೇ ಬಂದು ನಿಲ್ಲುತ್ತದೆ.

ಕಾಯ್ಕಿಣಿಯಂಥ ಊರಿನಲ್ಲಿ ಕಣ್ಣು ಮೋಸ ಹೋಗುವುದು ಸಹಜ. ಮೂಡಣಕ್ಕೆ ಗುಡ್ಡ, ಪಡುವಣಕ್ಕೆ ಕಡಲು; ನೆಲವೆಲ್ಲ ಒಂದೇ ಕಡೆ ಇಳಿಯುತ್ತದೆ. ಇಳಿಜಾರಿನ ನೆಲವನ್ನೇ ದಿನವೂ ನೋಡಿದ ಕಣ್ಣಿಗೆ ಸಮನಾದ ಅಂಗಳವು ಗುಡ್ಡದ ಕಡೆಗೆ ವಾಲಿದಂತೆ ಕಾಣುತ್ತದೆ. ಈ ಲೇಖಕನೂ ತನ್ನ ಮನೆಯ ಅಂಗಳವನ್ನು ಮೊದಲ ಸಲ ಕಣ್ಣಳತೆಯಲ್ಲಿಯೇ ಮಾಡಿಸಿದನು. ಆಷಾಢದ ಮೊದಲ ಜಡಿಮಳೆಗೆ ನೀರು ತುಳಸಿಕಟ್ಟೆಯನ್ನು ಸುತ್ತಿ ನೇರವಾಗಿ ಜಗಲಿಯ ಬುಡಕ್ಕೆ ಬಂದಿತು. ಮೂರು ತಿಂಗಳು ಗೋಡೆ ಒಣಗಲಿಲ್ಲ. ಗೋಡೆಗೆ ಒರಗಿಸಿಟ್ಟ ಭತ್ತದ ಚೀಲಗಳ ಅಡಿಭಾಗ ಮುಗ್ಗಿತು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಅಂಗಳದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1,400 ಲೀಟರ್ ನೀರಾಯಿತು. ಹೆಂಚಿನ ಮಾಡಿನಿಂದ ಇಳಿಯುವ ಸೂರುನೀರು ಬೇರೆ. ಇಷ್ಟು ನೀರಿಗೆ ದಾರಿ ತೋರಿಸಬೇಕಾದದ್ದು ಅಂಗಳದ ಓಟ. ಆದ್ದರಿಂದ ಅಂಗಳವನ್ನು ಸಮ ಮಾಡುವುದೆಂದರೆ ತಟ್ಟೆಯಂತೆ ಮಾಡುವುದಲ್ಲ. ಮನೆಯಿಂದ ಹೊರಕ್ಕೆ ಅಳತೆಯ ಇಳಿತ ಕೊಡುವುದು. ಸಗಣಿ ಸಾರಿಸುವ ಮಣ್ಣಿನ ಅಂಗಳಕ್ಕೆ ಅಡಿಗೆ ಕಾಲು ಅಂಗುಲ, ನಯವಾದ ಸಿಮೆಂಟಿನ ಅಂಗಳಕ್ಕೆ ಅಡಿಗೆ ಅರೆಕಾಲು ಅಂಗುಲ ಇದ್ದರೆ ಸಾಕು. ಇದಕ್ಕಿಂತ ಹೆಚ್ಚಾದರೆ ಮಣ್ಣು ಕೊಚ್ಚಿಹೋಗುತ್ತದೆ. (ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ, ನಮ್ಮ ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಅಡಿ-ಅಂಗುಲವೇ ಇದೆ. ಆದುದರಿಂದ ನಾವೂ ಹಾಗೆಯೇ ಹೇಳುತ್ತಿದ್ದೇವೆ.)

ಇನ್ನು ಸಾಧನದ ಮಾತು. ಅಂಗಡಿಗೆ ಹೋದರೆ ಮೊದಲು ಕೈಗೆ ಕೊಡುವುದು ರಸಮಟ್ಟ. ಹೆಸರಿನಲ್ಲಿ ರಸವಿದ್ದರೂ ಗಾಜಿನ ಒಳಗೆ ಇರುವುದು ಪಾದರಸವಲ್ಲ, ಸ್ಪಿರಿಟು. ಅದರಲ್ಲಿ ಒಂದು ಗುಳ್ಳೆ. ಕಲ್ಲು ಕೂಡಿಸುವಾಗ, ಮೆಟ್ಟಿಲು, ಹೊಸ್ತಿಲು, ಬಾಗಿಲ ಚೌಕಟ್ಟು ಇಡುವಾಗ ಇದು ಬಹಳ ಒಳ್ಳೆಯದು. ಅಂಗಳಕ್ಕೆ ಮಾತ್ರ ಇದೊಂದನ್ನೇ ನೆಚ್ಚಬೇಡಿ. ಎರಡು ಅಡಿಯ ರಸಮಟ್ಟದಲ್ಲಿ ಒಂದು ಮಿಲಿಮೀಟರ್ ತಪ್ಪು ಇದ್ದರೆ, ಅದನ್ನೇ ಮುಂದಿಟ್ಟುಕೊಂಡು ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ತಪ್ಪು ಹತ್ತು ಮಿಲಿಮೀಟರ್ ಆಗುತ್ತದೆ. ಕೊಳ್ಳುವ ಮೊದಲು ಅಂಗಡಿಯ ಮೇಜಿನ ಮೇಲೆಯೇ ಪರೀಕ್ಷಿಸಿರಿ: ಗುಳ್ಳೆ ಎಲ್ಲಿ ನಿಂತಿತೆಂದು ನೋಡಿ, ಅದೇ ಜಾಗದಲ್ಲಿ ರಸಮಟ್ಟವನ್ನು ತಿರುಗಿಸಿ, ಎಡತುದಿ ಬಲಕ್ಕೆ ಬರುವಂತೆ ಇಡಿ. ಗುಳ್ಳೆ ನಿಮ್ಮ ಕಡೆಯಿಂದ ನೋಡಿದಾಗ ಮೊದಲಿನ ಜಾಗದಲ್ಲಿಯೇ ನಿಂತರೆ ಸಾಧನ ಸರಿ. ಮೇಜು ಓರೆಯಾಗಿದ್ದರೂ ಚಿಂತೆಯಿಲ್ಲ. ಜಾಗ ಬದಲಾದರೆ ಅಂಗಡಿಕಾರನಿಗೆ ಹಿಂದಕ್ಕೆ ಕೊಡಿ.

ಅಂಗಳಕ್ಕೆ ನಮ್ಮ ಮೊದಲ ಆಯ್ಕೆ ನೀರಿನ ನಳಿಕೆ, ಎಂದರೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಕಿರುಬೆರಳಿನಷ್ಟು ದಪ್ಪ, ಅಂಗಳದ ಉದ್ದಕ್ಕಿಂತ ಹತ್ತು ಅಡಿಯಾದರೂ ಹೆಚ್ಚು ಉದ್ದ ಇರಲಿ. ಬೆಲೆಯಲ್ಲಿ ಇದಕ್ಕಿಂತ ಅಗ್ಗವಾದದ್ದಿಲ್ಲ, ಸುಳ್ಳು ಹೇಳುವುದೂ ಕಡಿಮೆ. ತುಂಬಿದ ನೀರು ಎರಡೂ ತುದಿಗಳಲ್ಲಿ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ನಡುವೆ ಮನೆಯ ಮೂಲೆ ಅಡ್ಡಬಂದರೂ ಸರಿಯೇ. ಕೊಡವನ್ನು ಎತ್ತರದಲ್ಲಿಟ್ಟು ಒಂದು ತುದಿಯನ್ನು ಅದರಲ್ಲಿ ಮುಳುಗಿಸಿ, ಇನ್ನೊಂದರಿಂದ ಎಳೆದು ನೀರು ತುಂಬಿಸಿ. ನೀರು ಚೆನ್ನಾಗಿ ಕಾಣಲು ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಸಾಕು.

ಇದರ ಶತ್ರು ಗಾಳಿಯ ಗುಳ್ಳೆ. ನಡುವೆ ಎಲ್ಲಿಯಾದರೂ ಗುಳ್ಳೆ ಸಿಕ್ಕಿಕೊಂಡಿದ್ದರೆ ಮಟ್ಟ ತಪ್ಪುತ್ತದೆ. ಬೆರಳಿನಿಂದ ತಟ್ಟಿ ತಟ್ಟಿ ಹೊರಡಿಸಬೇಕು. ಗುರುತು ಹಾಕುವಾಗ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿರಬಾರದು. ಅರ್ಧ ಕೊಳವೆ ಸುಡುಬಿಸಿಲಿನಲ್ಲಿ, ಅರ್ಧ ನೆರಳಿನಲ್ಲಿ ಇರುವುದೂ ಒಳ್ಳೆಯದಲ್ಲ. ಬೆಳಗಿನ ಹೊತ್ತು ಕೆಲಸ ಮಾಡಿ. ಕೆಲಸಕ್ಕೆ ಮೊದಲು ಎರಡೂ ತುದಿಗಳನ್ನು ಜೊತೆಯಾಗಿ ಹಿಡಿದು ನೀರು ಸಮವಾಗಿದೆಯೇ ನೋಡಿಕೊಳ್ಳಿ.

ಇಪ್ಪತ್ತು ಅಡಿಯ ಮಣ್ಣಿನ ಅಂಗಳವೆಂದು ತಿಳಿಯಿರಿ. ಜಗಲಿಯ ನೆಲಕ್ಕಿಂತ ಅಂಗಳ ಅರ್ಧ ಅಡಿಯಾದರೂ ತಗ್ಗಿರಬೇಕು. ಗೋಡೆಯ ಬುಡದಲ್ಲಿ ಅಂಗಳ ಎಲ್ಲಿಗೆ ಬರಬೇಕೋ ಅಲ್ಲಿಂದ ಎರಡು ಅಡಿ ಮೇಲೆ ಗೋಡೆಗೆ ಒಂದು ಗೀರು ಎಳೆಯಿರಿ. ಹೊರ ಅಂಚಿನಲ್ಲಿ ಎತ್ತರದ ಗೂಟ ಹುಗಿದು, ನಳಿಕೆಯ ಸಹಾಯದಿಂದ ಅದೇ ಮಟ್ಟವನ್ನು ಗೂಟದ ಮೇಲೆ ಗುರುತಿಸಿ. ಇಪ್ಪತ್ತು ಅಡಿಗೆ ಇಳಿತ ಐದು ಅಂಗುಲ. ಆದ್ದರಿಂದ ಗೂಟದ ಗುರುತಿನಿಂದ ಎರಡು ಅಡಿ ಐದು ಅಂಗುಲ ಕೆಳಗೆ ಅಂಗಳದ ಅಂಚು. ನೆಲಕ್ಕೆ ತಾಗಿಸಿ ದಾರ ಕಟ್ಟಲು ಬರುವುದಿಲ್ಲವಾದ್ದರಿಂದ ಎರಡೂ ಕಡೆ ಅಂಗಳದ ಮಟ್ಟಕ್ಕಿಂತ ಆರು ಅಂಗುಲ ಮೇಲೆ ದಾರ ಬಿಗಿಯಿರಿ. ಆರು ಅಂಗುಲದ ಒಂದು ಕಡ್ಡಿಯನ್ನು ದಾರದ ಕೆಳಗೆ ಹಿಡಿಯುತ್ತಾ ಹೋದರೆ ಎಲ್ಲಿ ಕೆತ್ತಬೇಕು, ಎಲ್ಲಿ ತುಂಬಬೇಕು ಎಂಬುದು ಮಕ್ಕಳಿಗೂ ತಿಳಿಯುತ್ತದೆ. ಹೀಗೆ ನಾಲ್ಕಾರು ಸಾಲು ದಾರ ಕಟ್ಟಿ. ಸಡಿಲವಾದ ದಾರ ನಡುವೆ ಜೋಲುತ್ತದೆ, ಎಚ್ಚರವಿರಲಿ. ಸಾಲು ಸಾಲುಗಳ ನಡುವಣ ನೆಲವನ್ನು ಎಂಟು ಅಡಿಯ ನೆಟ್ಟಗಿನ ರೀಪಿನಿಂದ ಎಳೆದು ಸರಿಮಾಡಬಹುದು.

ಬೆಳಕಿನ ಗೀರು ಬಿಡುವ ಲೇಸರ್ ಯಂತ್ರವೂ ಈಗ ಮೇಸ್ತ್ರಿಗಳ ಚೀಲದಲ್ಲಿದೆ. ಮನೆಯೊಳಗೆ ಟೈಲ್ಸ್ ಹಾಕಲು ಅದು ಲಾಯಕ್ಕು. ಬಯಲು ಬಿಸಿಲಿನಲ್ಲಿ ಗೀರು ಕಾಣಿಸುವುದಿಲ್ಲ, ಸಂಜೆಯವರೆಗೆ ಕಾಯಬೇಕು. ಮೂರು ಕಾಲಿನ ಮೇಲೆ ನಿಲ್ಲಿಸುವ ದುರ್ಬೀನಿನ ಮಟ್ಟ ಕಾಲುವೆ, ರಸ್ತೆಗಳ ಕೆಲಸಕ್ಕೆ. ಒಂದು ಅಂಗಳಕ್ಕಾಗಿ ಅದನ್ನು ಬಾಡಿಗೆಗೆ ತರುವುದು ದುಂದು. ಮೊಬೈಲಿನ ಮಟ್ಟವನ್ನು ಅಂಗಳಕ್ಕೆ ಬಳಸಬೇಡಿ. ಗೇಣುದ್ದದ ವಸ್ತುವಿನಿಂದ ಇಪ್ಪತ್ತು ಅಡಿಯನ್ನು ತಿಳಿಯಲು ಹೋದಂತಾಗುತ್ತದೆ.

ಸಾಧನ ಸರಿಯಿದ್ದೂ ಅಂಗಳ ಕೆಡುವುದುಂಟು. ಹೊಸದಾಗಿ ತುಂಬಿದ ಮಣ್ಣು ಮೊದಲ ಮಳೆಗೆ ಕುಸಿಯುತ್ತದೆ. ನಾಲ್ಕು ನಾಲ್ಕು ಅಂಗುಲ ತುಂಬಿ, ನೀರು ಚಿಮುಕಿಸಿ ದಮ್ಮಸು ಮಾಡಿ. ಆಳವಾಗಿ ತುಂಬಿದಲ್ಲಿ ಒಂದು ಮಳೆಗಾಲ ಕಳೆಯುವವರೆಗೆ ಸಿಮೆಂಟು ಹಾಕಬೇಡಿ. ಇನ್ನೊಂದು ತಪ್ಪು ಈಚೆಗೆ ಹೆಚ್ಚಾಗಿದೆ: ಹಳೆಯ ಅಂಗಳದ ಮೇಲೆಯೇ ಸಿಮೆಂಟು, ಅದರ ಮೇಲೆ ಬ್ಲಾಕು. ಹೀಗೆ ಅಂಗಳ ಏರುತ್ತಾ ಹೋಗಿ ಜಗಲಿಯನ್ನು ಮುಟ್ಟುತ್ತದೆ. ಹಳೆಯದನ್ನು ಅಗೆದು ತೆಗೆದು ಮಾಡುವುದೇ ಸರಿ.

ಓಟ ಯಾವ ಕಡೆಗೆ ಎಂಬುದನ್ನು ಗೂಟ ಹುಗಿಯುವ ಮೊದಲೇ ನಿಶ್ಚಯಿಸಿ. ಬಾವಿಯ ಕಡೆಗೆ ಬೇಡವೇ ಬೇಡ. ಕೊಟ್ಟಿಗೆಯ ನೀರು ಅದರೊಡನೆ ಸೇರುತ್ತದೆ. ಮಲ್ಲಿಗೆ ಗಿಡದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನೆರೆಯವರ ಅಂಗಳಕ್ಕೆ ಬಿಟ್ಟರೆ ಏನಾಗುತ್ತದೆಂದು ನಾವು ಹೇಳಬೇಕಾಗಿಲ್ಲ. ತೆಂಗಿನ ತೋಟಕ್ಕೆ ಒಂದು ಬಸಿಗಾಲುವೆ ತೋಡಿ ಅಲ್ಲಿಗೆ ತಿರುಗಿಸಿ. ಕೊನೆಯ ಗಿಲಾವಿಗೆ ಮೊದಲು ಗೋಡೆಯ ಬುಡದಲ್ಲಿ ನಾಲ್ಕು ಕೊಡ ನೀರು ಸುರಿದು ನೋಡಿ. ನಿಂತಲ್ಲಿ ಇನ್ನೂ ತಿದ್ದಬಹುದು.

ಕೆಲಸ ಮುಗಿದ ಮೇಲೆ ನಳಿಕೆಯ ನೀರು ಚೆಲ್ಲಿ ನೆರಳಿನಲ್ಲಿ ಸುತ್ತಿಡಿ. ಬಿಸಿಲಿಗೆ ಬಿದ್ದ ನಳಿಕೆ ಮಬ್ಬಾಗಿ ಗಡುಸಾಗುತ್ತದೆ. ಮುಂದಿನ ವರ್ಷ ನೆರೆಮನೆಯವರು ಕೇಳಲು ಬಂದಾಗ ಅದರೊಳಗಿನ ನೀರು ಕಾಣಿಸುವುದಿಲ್ಲ.