ಮನೆಗಿಂತ ಮೊದಲು ಬಡಾವಣೆ ನೋಡಿ

ವರ್ಗಾವಣೆಯ ಆದೇಶ ಕೈಗೆ ಬಂದೊಡನೆ ಮನೆಯಲ್ಲಿ ಏಳುವ ಪ್ರಶ್ನೆಗಳು ಎರಡೇ: ಬಾಡಿಗೆ ಎಷ್ಟು, ಮುಂಗಡ ಎಷ್ಟು? ಶಾಲೆ, ಕಚೇರಿ ಹತ್ತಿರವಿದ್ದು ಬಾಡಿಗೆಯೂ ಕೈಗೆಟುಕಿದರೆ ಒಂದೇ ಭಾನುವಾರದಲ್ಲಿ ಮನೆ ಗೊತ್ತು ಮಾಡಿಬಿಡುತ್ತೇವೆ. ಅಲ್ಲಿನ ಗಾಳಿ, ನೀರು, ಚರಂಡಿ, ಸದ್ದು ನಮ್ಮ ಮನೆಮಂದಿಯ ಆರೋಗ್ಯಕ್ಕೆ ಒಗ್ಗುವುದೇ ಎಂದು ವಿಚಾರಿಸುವವರು ವಿರಳ.

ದಾವಣಗೆರೆಯಿಂದ ಬೆಂಗಳೂರಿಗೆ ಬಂದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಗಂಡ, ಹೆಂಡತಿ, ಆರು ವರ್ಷದ ಮಗ, ಜೊತೆಗೆ ವಯಸ್ಸಾದ ಅಜ್ಜ. ಬಸ್ ನಿಲ್ದಾಣದ ಎದುರೇ ಇದೆಯೆಂದು ಮುಖ್ಯರಸ್ತೆಗೆ ಮುಖ ಮಾಡಿದ ಮನೆ ಹಿಡಿಯುತ್ತಾರೆ. ಊರಿನಲ್ಲಿ ವರ್ಷಕ್ಕೊಮ್ಮೆ ಕೆಮ್ಮುತ್ತಿದ್ದ ಮಗುವಿಗೆ ಇಲ್ಲಿ ವಾರಕ್ಕೆರಡು ರಾತ್ರಿ ಉಬ್ಬಸ. ಅಜ್ಜನಿಗೆ ನಿದ್ದೆಯಿಲ್ಲ. "ಬೆಂಗಳೂರಿನ ಹವೆಯೇ ಹೀಗೆ" ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆದರೆ ತಪ್ಪೆಲ್ಲವೂ ಊರಿನ ಹವೆಯದ್ದಲ್ಲ. ಒಂದೇ ಊರಿನಲ್ಲಿ ಬೀದಿಯಿಂದ ಬೀದಿಗೆ ಹವೆ ಬದಲಾಗುತ್ತದೆ.

ಗಾಳಿ

ವಾಹನಗಳ ಹೊಗೆಯಲ್ಲಿ 2.5 ಮೈಕ್ರಾನಿಗಿಂತಲೂ ಸಣ್ಣ ಕಣಗಳಿರುತ್ತವೆ. ಮೂಗಿನ ಕೂದಲಿಗಾಗಲಿ, ಗಂಟಲಿನ ಲೋಳೆಗಾಗಲಿ ಸಿಕ್ಕಿಕೊಳ್ಳದೆ ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಉಬ್ಬಸದ ಮಕ್ಕಳಿಗೂ ಹೃದ್ರೋಗಿಗಳಿಗೂ ಇವು ಹೆಚ್ಚು ಅಪಾಯಕಾರಿ. ಮುಖ್ಯರಸ್ತೆಯಿಂದ ದೂರ ಸರಿದಂತೆ ಹೊಗೆ ಕಡಿಮೆಯಾಗುತ್ತದೆ. ಆದ್ದರಿಂದ ಒಂದೆರಡು ಅಡ್ಡರಸ್ತೆ ಒಳಗೆ ಮನೆ ಹುಡುಕಿ. ಸಿಗ್ನಲ್ ಪಕ್ಕ, ಕಸ ಸುಡುವ ಖಾಲಿ ನಿವೇಶನದ ಪಕ್ಕ ಬೇಡ. ಅಂಥ ನಿವೇಶನದಲ್ಲಿ ಪಾರ್ಥೇನಿಯಂ ಬೆಳೆದಿದ್ದರೆ ಅಲರ್ಜಿ ಇರುವವರಿಗೆ ಮೂಗು, ಚರ್ಮ ಎರಡಕ್ಕೂ ತೊಂದರೆ.

ನೀರು ಎಲ್ಲಿಂದ?

ಮನೆ ಮಾಲೀಕರು "ನೀರಿಗೆ ತೊಂದರೆಯಿಲ್ಲ" ಎಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರೋ ಎಂದು ಕೇಳಿ. ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದೂ ಕೇಳಿ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಾಗಿ ಬರುತ್ತದೆ. ಹೊರವಲಯದ 110 ಹಳ್ಳಿಗಳಿಗಾಗಿ 5ನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆದರೆ ಬೀದಿಗೆ ಕೊಳವೆ ಬಂದ ಮಾತ್ರಕ್ಕೆ ಪ್ರತಿ ಮನೆಯ ನಲ್ಲಿಗೂ ನೀರು ಬಂತು ಎಂದಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ಸಾವಿರಾರು ಬೋರ್‌ವೆಲ್‌ಗಳು ಬತ್ತಿ, ಜನ ಟ್ಯಾಂಕರಿಗೆ ಕಾದಿದ್ದನ್ನು ಮರೆಯುವಂತಿಲ್ಲ.

ಬೋರ್‌ವೆಲ್ ನೀರಾದರೆ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದರೂ 1.5ನ್ನು ದಾಟಕೂಡದು. ನೈಟ್ರೇಟಿಗೆ 45 ಮಿಲಿಗ್ರಾಂ ಮಿತಿ. ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಹಾಲು ಕುಡಿಸುವ ಪುಡಿಯನ್ನು ಈ ನೀರಿನಲ್ಲಿ ಕಲಸುವ ಎಳೆಗೂಸಿನ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮಳೆ ಮತ್ತು ಸೊಳ್ಳೆ

ಬೇಸಿಗೆಯಲ್ಲಿ ಚೆಂದ ಕಾಣುವ ಬಡಾವಣೆ ಮಳೆಗಾಲದಲ್ಲಿ ಕೆರೆಯಾಗಬಹುದು. 2022ರ ಸೆಪ್ಟೆಂಬರ್ ಮಳೆಗೆ ಹೊರ ವರ್ತುಲ ರಸ್ತೆಯ ಸುತ್ತಲಿನ ಬಂಗಲೆಗಳಿಗೂ ನೀರು ನುಗ್ಗಿತು; ಜನ ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಬಂದರು. ರಾಜಕಾಲುವೆ ಎಷ್ಟು ದೂರ, ತಗ್ಗು ಯಾವ ಕಡೆ ಎಂದು ನೋಡಿ. ಮೂಲೆ ಅಂಗಡಿಯವರನ್ನು, ಇಸ್ತ್ರಿ ಮಾಡುವವರನ್ನು ಕೇಳಿದರೆ ನಿಜ ತಿಳಿಯುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ತಿಳಿನೀರನ್ನೇ ಇಷ್ಟಪಡುತ್ತದೆ ಮತ್ತು ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಮುಚ್ಚಳವಿಲ್ಲದ ಸಂಪು, ಪಕ್ಕದಲ್ಲಿ ಕಟ್ಟುತ್ತಿರುವ ಕಟ್ಟಡದ ತೊಟ್ಟಿ, ಎಸೆದ ಟೈರು, ಇವುಗಳ ಮೇಲೆ ಕಣ್ಣಿರಲಿ. ಅಕ್ಕಪಕ್ಕದವರಿಗೆ ಕಳೆದ ವರ್ಷ ಡೆಂಗಿ ಬಂದಿತ್ತೇ ಎಂದು ಕೇಳಲು ಸಂಕೋಚ ಬೇಡ.

ಸದ್ದು, ನಿದ್ದೆ

ವಸತಿ ಪ್ರದೇಶದಲ್ಲಿ ಶಬ್ದ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಎಂದು 2000ದ ನಿಯಮ ಹೇಳುತ್ತದೆ. ಕಾನೂನು ನಿದ್ದೆ ತಂದುಕೊಡುವುದಿಲ್ಲ. ಆದ್ದರಿಂದ ಮನೆಯನ್ನು ಎರಡು ಸಲ ನೋಡಿ: ಒಮ್ಮೆ ಬೆಳಿಗ್ಗೆ ಒಂಬತ್ತಕ್ಕೆ, ಇನ್ನೊಮ್ಮೆ ರಾತ್ರಿ ಹತ್ತರ ಮೇಲೆ. ಕಲ್ಯಾಣ ಮಂಟಪ, ಬಾರ್, ಲಾರಿ ನಿಲ್ಲುವ ಜಾಗ ಇವೆಲ್ಲ ರಾತ್ರಿಯೇ ತಮ್ಮ ಗುಣ ತೋರಿಸುವುದು. ನಿದ್ದೆಗೆಟ್ಟ ರಾತ್ರಿಗಳು ಮುಂದುವರಿದರೆ ರಕ್ತದೊತ್ತಡ ಏರಬಹುದು.

ಹಿರಿಯರಿಗೆ ಏನು ಬೇಕು?

ಊರಿನಲ್ಲಿ ಜಗಲಿ, ದೇವಸ್ಥಾನ, ಗೆಳೆಯರು ಎಂದು ದಿನವಿಡೀ ಓಡಾಡಿಕೊಂಡಿದ್ದ ಅಪ್ಪ ಅಮ್ಮಂದಿರನ್ನು ಲಿಫ್ಟಿಲ್ಲದ ಮೂರನೇ ಮಹಡಿಗೆ ಏರಿಸಿದರೆ ಅದು ಸೆರೆಮನೆಯೇ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಡೆಯಲು ಪಾದಚಾರಿ ಮಾರ್ಗ ಬೇಡವೆ? ಕೂರಲು ಬೆಂಚಿರುವ ಪಾರ್ಕು, ಮಾತಿಗೆ ನಾಲ್ಕು ಜನ ಸಿಗುವ ಬೀದಿ ಅವರಿಗೆ ಔಷಧಿಯಷ್ಟೇ ಮುಖ್ಯ.

ರಾತ್ರಿ ಎದೆನೋವು ಬಂದರೆ ಹೋಗಬೇಕಾದ ಆಸ್ಪತ್ರೆ ಯಾವುದು, ಅಲ್ಲಿ ದಿನದ 24 ಗಂಟೆಯೂ ವೈದ್ಯರಿರುತ್ತಾರೆಯೇ ಎಂದು ಮೊದಲ ವಾರದಲ್ಲೇ ತಿಳಿದುಕೊಳ್ಳಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಅವಕಾಶ ಮಾತ್ರ. ದೂರಕ್ಕಿಂತ ಸಂಜೆಯ ವಾಹನ ದಟ್ಟಣೆಯಲ್ಲಿ ಎಷ್ಟು ಹೊತ್ತು ಬೇಕು ಎಂಬುದೇ ಲೆಕ್ಕ. 108 ಸಂಖ್ಯೆ ಮನೆಯ ಎಲ್ಲರಿಗೂ ಗೊತ್ತಿರಲಿ. ಹಳೆಯ ಊರಿನ ವೈದ್ಯರ ಚೀಟಿ, ಮಗುವಿನ ಲಸಿಕೆ ಕಾರ್ಡು, ತಿಂಗಳಿಗಾಗುವ ಮಾತ್ರೆ ಸಾಮಾನಿನ ಲಾರಿಯಲ್ಲಲ್ಲ, ನಿಮ್ಮ ಕೈಚೀಲದಲ್ಲೇ ಬರಲಿ.

ಎಲ್ಲವೂ ಇರುವ ಮನೆ ಯಾರಿಗೂ ಸಿಗದು. ಹಾಗಾಗಿ ನಿಮ್ಮ ಮನೆಯಲ್ಲಿ ಅತಿ ನಾಜೂಕಾದ ಜೀವ ಯಾವುದೆಂದು ನೋಡಿ, ಅದಕ್ಕೆ ಬೇಕಾದ್ದನ್ನು ಮೊದಲು ಗಮನಿಸಿ. ಉಬ್ಬಸದ ಮಗುವಿದ್ದರೆ ಗಾಳಿ, ಎಳೆಗೂಸಿದ್ದರೆ ನೀರು, ಹೃದ್ರೋಗಿ ಇದ್ದರೆ ಆಸ್ಪತ್ರೆ. ಆ ದಾವಣಗೆರೆಯ ಕುಟುಂಬ ಎರಡು ಅಡ್ಡರಸ್ತೆ ಒಳಗೆ ಸರಿದರೆ ಮಗುವಿನ ಉಬ್ಬಸ ಪೂರ್ತಿ ಹೋಗದಿರಬಹುದು. ವೈದ್ಯರು ಹೇಳಿದ ಇನ್‌ಹೇಲರ್ ಮುಂದುವರಿಸಲೇಬೇಕು. ಆದರೆ ಔಷಧಿಯ ಕೆಲಸ ಹಗುರಾಗುತ್ತದೆ, ಅಜ್ಜನಿಗೂ ನಿದ್ದೆ ಹತ್ತುತ್ತದೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ಔಷಧಿ ಅಂಗಡಿಗೆ ಕೊಡುವುದಕ್ಕಿಂತ ಇದು ಮೇಲಲ್ಲವೆ?