ಸಾಲವನ್ನು ಆದಾಯವೆನ್ನದ ಲೆಕ್ಕ

ಲಿನಕ್ಸ್ ಬಳಸುವವರು ಮನೆ ಲೆಕ್ಕಕ್ಕೆ ಉಚಿತ ತಂತ್ರಾಂಶ ಹುಡುಕಲು ಹೊರಟರೆ ಹೆಸರುಗಳಿಗೇನೂ ಬರವಿಲ್ಲ. ಗ್ನೂಕ್ಯಾಶ್, ಕೆಮೈಮನಿ, ಹೋಮ್‌ಬ್ಯಾಂಕ್, ಸ್ಕ್ರೂಜ್ ಎಲ್ಲವೂ ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ಕಾಸಿಲ್ಲದೆ ಸಿಗುತ್ತವೆ. ಕಷ್ಟವಿರುವುದು ಆರಿಸುವುದರಲ್ಲಿ. ತಿಂಗಳ ಮೊದಲ ದಿನ ಸಂಬಳ ಬರುವ ಮನೆಗೆ ಸರಳವಾದ ಹೋಮ್‌ಬ್ಯಾಂಕ್ ಸಾಕು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬಹುಪಾಲು ಮನೆಗಳಿಗೆ ಹಣ ಬರುವ ರೀತಿಯೇ ಬೇರೆ. ಕಡಲೆಕಾಯಿ, ಅಡಿಕೆ, ಹುಣಸೆ, ಕುರಿ ಮಾರಿದಾಗ ಒಮ್ಮೆಲೇ ಬರುತ್ತದೆ. ಖರ್ಚು ಮಾತ್ರ ವಾರವಾರವೂ ಇರುತ್ತದೆ. ನಡುವಿನ ತಿಂಗಳುಗಳನ್ನು ಸೊಸೈಟಿಯ ಬೆಳೆ ಸಾಲ, ಸಂಘದ ಸಾಲ, ಚೀಟಿ, ಕೈಸಾಲ ದಾಟಿಸುತ್ತವೆ. ಇಂಥ ಮನೆಗೆ ತಂತ್ರಾಂಶ ಆರಿಸುವಾಗ ಬಣ್ಣದ ಚಾರ್ಟುಗಳಿಗಿಂತ ಮೊದಲು ನೋಡಬೇಕಾದದ್ದು ಒಂದೇ: ಅದು ಸಾಲವನ್ನೂ ಆದಾಯವನ್ನೂ ಬೇರೆಬೇರೆಯಾಗಿ ಇಡುತ್ತದೆಯೇ?

ಪಾವಗಡದ ಸೋಲಾರ್ ಪಾರ್ಕನ್ನೇ ತೆಗೆದುಕೊಳ್ಳಿ. ತಿರುಮಣಿ, ವಳ್ಳೂರು ಸೇರಿದಂತೆ ಐದು ಹಳ್ಳಿಗಳ ಸುಮಾರು 13,000 ಎಕರೆ ಜಮೀನು ಅಲ್ಲಿ ಗುತ್ತಿಗೆಗೆ ಹೋಗಿದೆ. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಆ ದರದಲ್ಲಿ ಐದು ಎಕರೆಗೆ 1,05,000 ರೂಪಾಯಿ ಬಂತೆನ್ನಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 8,750. ಅದೇ ವರ್ಷ ಆ ಮನೆಯವರು ಒಡವೆ ಅಡವಿಟ್ಟು 50,000 ತಂದರೆ ಪಾಸ್‌ಬುಕ್ಕಿನಲ್ಲಿ ಎರಡೂ ಜಮಾ ಕಾಲಮ್ಮಿಗೇ ಬೀಳುತ್ತವೆ, ಒಟ್ಟು 1,55,000 ಕಾಣುತ್ತದೆ. 1998ರಿಂದ ಬಳಕೆಯಲ್ಲಿರುವ ಗ್ನೂಕ್ಯಾಶ್ ಜೋಡಿ ನಮೂದು ಪದ್ಧತಿಯದು. ಒಡವೆ ಸಾಲ ಬಂದಾಗ ಬ್ಯಾಂಕ್ ಖಾತೆ 50,000 ಏರಿದರೆ ಸಾಲದ ಖಾತೆಯೂ ಅಷ್ಟೇ ಏರುತ್ತದೆ. ಆದಾಯ 1,05,000ದಲ್ಲೇ ನಿಲ್ಲುತ್ತದೆ. ತೀರಿಸುವಾಗ ಅಸಲು ಸಾಲದಿಂದ ಕಳೆಯುತ್ತದೆ, ಬಡ್ಡಿ ಮಾತ್ರ ಖರ್ಚಿಗೆ ಸೇರುತ್ತದೆ. ಚೀಟಿಯ ಲೆಕ್ಕವೂ ಇಲ್ಲಿ ಸರಿಹೋಗುತ್ತದೆ: ಎತ್ತುವ ಮೊದಲು ಕಟ್ಟಿದ ಕಂತು ನಿಮ್ಮ ಆಸ್ತಿ, ಬೇಗ ಎತ್ತಿದರೆ ಉಳಿದ ಕಂತುಗಳು ಸಾಲ. ಕೆಮೈಮನಿಯಲ್ಲೂ ಸಾಲಕ್ಕೆ ಪ್ರತ್ಯೇಕ ಖಾತೆ ತೆರೆಯಬಹುದು.

ಇಷ್ಟಕ್ಕೆ ನೋಟ್‌ಬುಕ್ ಸಾಲದೇ ಎನ್ನಬಹುದು. ಶಿಸ್ತಿನಿಂದ ಬರೆಯುವವರಿಗೆ ಖಂಡಿತ ಸಾಕು. ಆದರೆ ನಾಲ್ಕು ಕಡೆಯ ಸಾಲವಿದ್ದಾಗ ಪ್ರತಿ ಕಂತಿನಲ್ಲೂ ಅಸಲು, ಬಡ್ಡಿ ಬಿಡಿಸಿ ಬಾಕಿ ಕೂಡಿಸುವುದು ಹೆಚ್ಚು ದಿನ ನಡೆಯುವ ಕೆಲಸವಲ್ಲ. ಜೋಡಿ ನಮೂದು ಕಷ್ಟ ಎಂಬ ಮಾತಿನಲ್ಲೂ ನಿಜವಿದೆ, ಮೊದಲ ಕೆಲವು ವಾರ ತೊಡಕಾಗುತ್ತದೆ. ಆದರೆ ಪಿಯುಸಿ ವಾಣಿಜ್ಯ ಓದಿದ ಮಕ್ಕಳಿಗೆ ಇದು ಗೊತ್ತಿರುವ ಪಾಠ. ಮನೆಯಲ್ಲಿ ಅಂಥವರೊಬ್ಬರಿದ್ದರೆ ದಾರಿ ಸುಲಭ. ಗ್ನೂಕ್ಯಾಶ್‌ಗೆ ಕನ್ನಡ ಅನುವಾದವೂ ಇದೆ.

ಬಲವಾದ ಆಕ್ಷೇಪ ಮೊಬೈಲ್‌ನದು: ಎಸ್ಸೆಮ್ಮೆಸ್ ಓದಿ ತಾನೇ ಲೆಕ್ಕ ಬರೆಯುವ ಆ್ಯಪ್ ಇರುವಾಗ ಕಂಪ್ಯೂಟರಿನ ಮುಂದೆ ಕೂರುವುದೇಕೆ? ಸಂತೆಯಲ್ಲಿ ನಗದು ಕೊಟ್ಟದ್ದಕ್ಕೆ, ನೆಂಟರಿಂದ ತಂದ ಕೈಸಾಲಕ್ಕೆ ಯಾವ ಬ್ಯಾಂಕೂ ಎಸ್ಸೆಮ್ಮೆಸ್ ಕಳಿಸುವುದಿಲ್ಲ. ಕಂಪನಿಯ ಸೇವೆ ಎಂದಾದರೂ ನಿಲ್ಲಬಹುದು. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ಮಿಂಟ್ ಎಂಬ ಮನೆ ಲೆಕ್ಕದ ಆ್ಯಪ್ 2024ರಲ್ಲಿ ಮುಚ್ಚಿತು. ಗ್ನೂಕ್ಯಾಶ್ ಕಡತ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಹಾಗೆಂದು ಪೆನ್‌ಡ್ರೈವಿನಲ್ಲಿ ಪ್ರತಿ ಇಡುವ ಹೊಣೆಯೂ ನಿಮ್ಮದೇ, ಬ್ಯಾಂಕ್ ವಿವರವನ್ನು ಸಿಎಸ್‌ವಿ ಕಡತವಾಗಿ ಇಳಿಸಿ ಸೇರಿಸುವ ಕೆಲಸವೂ ನಿಮ್ಮದೇ.

ಆದ್ದರಿಂದ ಶುರುಮಾಡುವವರು ದಿನದ ಖರ್ಚಿನಿಂದ ಆರಂಭಿಸಬೇಕಿಲ್ಲ. ಇವತ್ತಿಗೆ ಯಾರಿಗೆ ಎಷ್ಟು ಕೊಡಬೇಕು, ಯಾವ ಬಡ್ಡಿಗೆ ಎಂಬುದನ್ನು ಮೊದಲು ತುಂಬಲಿ. ಮುಂದಿನ ಫಸಲಿನ ಹಣ ಬಂದಾಗ ಯಾವ ಸಾಲ ಮೊದಲು ತೀರಿಸಿದರೆ ಬಡ್ಡಿ ಹೆಚ್ಚು ಉಳಿಯುತ್ತದೆ ಎಂದು ತಿಳಿಯಲು ಆ ಪಟ್ಟಿಯೊಂದೇ ಸಾಕು.